ಗೆರೆಯ ಆಚೆ, ಗೆರೆಯ ಈಚೆ

ಬುಧವಾರವೇ ಆಗಬೇಕು. ಸೂರ್ಯ ಆಗಷ್ಟೇ ಮೂಡುತ್ತಿರಬೇಕು. ಹೇಝಲ್ ಗಿಡದ ಟೊಂಗೆ ಒಂದೇ ವರ್ಷದ ಬೆಳವಣಿಗೆಯದಾಗಿರಬೇಕು, ಅದನ್ನು ಒಂದೇ ಏಟಿಗೆ ಕಡಿಯಬೇಕು. ಹಾಗೆ ಕಡಿದ ಕೋಲು ಮಾತ್ರ ಮಂತ್ರದಂಡವಾಗಲು ಯೋಗ್ಯ. ಬರೆಯುವ ಲೇಖನಿಗೆ ಗಂಡು ಹೆಬ್ಬಾತುಮರಿಯ ಬಲರೆಕ್ಕೆಯ ಮೂರನೇ ಗರಿಯೇ ಬೇಕು. ಕಪ್ಪು ಹಿಡಿಯ ಚಾಕು ಒಂದು ಕೆಲಸಕ್ಕೆ, ಬಿಳಿ ಹಿಡಿಯದು ಇನ್ನೊಂದಕ್ಕೆ. ಯುರೋಪಿನ ಮಾಂತ್ರಿಕರು ಶತಮಾನಗಳ ಕಾಲ ಕದ್ದುಮುಚ್ಚಿ ನಕಲು ಮಾಡಿಕೊಂಡು ಬಂದ ‘ಸೊಲೊಮನ್ನನ ಕೀಲಿಕೈ’ ಎಂಬ ಗ್ರಂಥದ ಕಟ್ಟಳೆಗಳಿವು. ಹೆಸರೇನೋ ಇಸ್ರೇಲಿನ ಪುರಾತನ ರಾಜನದು. ಆದರೆ ಸಿಕ್ಕಿರುವ ಹಸ್ತಪ್ರತಿಗಳು ಅವನಿಗಿಂತ ಎರಡು ಸಾವಿರ ವರ್ಷಕ್ಕೂ ಹೆಚ್ಚು ಈಚಿನವು. 1889ರಲ್ಲಿ ಮ್ಯಾಕ್‌ಗ್ರೆಗರ್ ಮೇದರ್ಸ್ ಎಂಬಾತ ಲಂಡನ್ನಿನಲ್ಲಿ ಅದನ್ನು ಇಂಗ್ಲಿಷಿಗೆ ತಂದು ಅಚ್ಚು ಹಾಕಿಸಿದ.

ಘಟ್ಟದ ಕಾಡಿನ ನಡುವಿನ ಜೊಯಿಡಾದಲ್ಲಿ ಕೂತು ಈ ಪುಸ್ತಕ ಓದಿದರೆ ಮೊದಲು ಬರುವುದು ನಗು. ಇಲ್ಲಿ ಒಂದು ಟೊಂಗೆ ಕಡಿಯಲು ವಾರ, ಗಳಿಗೆ ನೋಡಿದರೆ ಸಾಲದು. ಫಾರೆಸ್ಟ್ ಗಾರ್ಡ್ ಇದ್ದಾನೆ, ಅವನ ಮೇಲೆ ರೇಂಜರ್ ಇದ್ದಾನೆ, ಎಲ್ಲರಿಗಿಂತ ಮೇಲೆ ಊರ ದೇವರಿದ್ದಾನೆ. ನಗು ಮುಗಿದ ಮೇಲೆ ಬೇರೆಯೇ ಒಂದು ಭಾವ ಮೂಡುತ್ತದೆ. ಕಡಿಯುವವನಿಗೆ ಕೊಡಲಿಗಿಂತ ಮೊದಲು ನಿಯಮ ಕಾಣಬೇಕು, ಟೊಂಗೆ ಎಂಬುದು ಬರಿಯ ಟೊಂಗೆಯಾಗಿ ಉಳಿಯಬಾರದು ಎಂದು ಬಯಸಿದವರು ಅಲ್ಲಿಯೂ ಇದ್ದರಲ್ಲ! ಆ ದೂರದ ಊರಿನ ಹಟ ಈ ಕಾಡಿಗೆ ಅಷ್ಟೇನೂ ಹೊರಗಿನದಲ್ಲ ಅನಿಸತೊಡಗುತ್ತದೆ.

ಮಂತ್ರ ಎಂದೊಡನೆ ನಮ್ಮ ಮನಸ್ಸು ಮಾಟದ ಕಡೆಗೆ ಓಡುತ್ತದೆ. ಮೂರು ದಾರಿ ಕೂಡುವಲ್ಲಿ ಬಿದ್ದ ಕುಂಕುಮ ಮೆತ್ತಿದ ನಿಂಬೆಹಣ್ಣು, ಹೊಸ್ತಿಲಲ್ಲಿ ಹೂತ ತಗಡು, ಅಮಾವಾಸ್ಯೆಯ ಸುದ್ದಿ. ಇವುಗಳಲ್ಲಿ ಹಲವು ಬರಿಯ ಮೋಸ, ಕೆಲವು ಕ್ರೌರ್ಯ. ಅಂಥದ್ದನ್ನು ತಡೆಯಲೆಂದೇ ಕರ್ನಾಟಕ 2017ರಲ್ಲಿ ಮೌಢ್ಯ ನಿಷೇಧದ ಕಾಯ್ದೆ ಮಾಡಿತು, 2020ರಲ್ಲಿ ಅದು ಜಾರಿಗೆ ಬಂತು. ನಾನು ಹೇಳಹೊರಟಿರುವುದು ಆ ಜಗತ್ತಿನ ಮಾತಲ್ಲ. ಯಾರಿಗೂ ಕೆಡುಕು ಬಯಸದೆ, ಬಹಳ ಮಟ್ಟಿಗೆ ಲಾಭವನ್ನೂ ಎಣಿಸದೆ, ಕಾಣದ್ದರ ಎದುರು ನಿಲ್ಲಲು ಮನುಷ್ಯರು ಕೈಯಾರೆ ಮಾಡಿಕೊಂಡ ಸಲಕರಣೆಗಳ ಮಾತು.

ಅಂಥ ಸಲಕರಣೆಗಳನ್ನು ಬಹಳ ಶ್ರದ್ಧೆಯಿಂದ ಮಾಡಿಕೊಂಡವರು ಲಂಡನ್ನಿನ ‘ಗೋಲ್ಡನ್ ಡಾನ್’ ಕೂಟದವರು. 1888ರಲ್ಲಿ ಶುರುವಾದ ಆ ಕೂಟದಲ್ಲಿ ವೈದ್ಯರಿದ್ದರು, ನಟಿಯರಿದ್ದರು. ಮುಂದೆ ನೊಬೆಲ್ ಪಡೆದ ಕವಿ ಯೇಟ್ಸ್ 1890ರಲ್ಲಿ ಅದನ್ನು ಸೇರಿದ. ಮೇಲಿನ ಹಂತಕ್ಕೇರಿದ ಪ್ರತಿಯೊಬ್ಬರೂ ತಮ್ಮ ಸಲಕರಣೆಗಳನ್ನು ತಾವೇ ಮಾಡಿಕೊಳ್ಳಬೇಕಿತ್ತು. ಬೆಂಕಿಗೆ ದಂಡ, ನೀರಿಗೆ ಬಟ್ಟಲು, ಗಾಳಿಗೆ ಬಾಕು, ಮಣ್ಣಿಗೆ ದುಂಡನೆಯ ಮರದ ಬಿಲ್ಲೆ. ಬೆಂಕಿಯ ದಂಡದ ನಡುವೆ ಉದ್ದಕ್ಕೂ ತೂತು ಕೊರೆದು ಅಯಸ್ಕಾಂತವಾಗಿಸಿದ ಉಕ್ಕಿನ ತಂತಿ ಹಾಯಿಸಬೇಕು. ಹೊರಗೆ ಕೆಂಪು ಬಳಿದು ಅದರ ಮೇಲೆ ಹಸಿರಿನಲ್ಲಿ ಹೀಬ್ರೂ ಹೆಸರುಗಳನ್ನು ಬರೆಯಬೇಕು. ನೀಲಿ ಬಟ್ಟಲಿಗೆ ಕಿತ್ತಳೆ ಅಕ್ಷರ, ಹಳದಿ ಬಾಕಿಗೆ ನೇರಳೆ. ಒಂದಕ್ಕೊಂದು ಎದುರಾದ ಬಣ್ಣಗಳು ತಾಗಿ ಕೂತರೆ ಅಂಚು ಅಲುಗಿದಂತೆ, ಹೊಳೆದಂತೆ ಕಾಣುತ್ತದೆ. ಅವರಿಗೆ ಬೇಕಾಗಿದ್ದುದು ಆ ಅಲುಗುವಿಕೆಯೇ. ಹಗಲೆಲ್ಲ ಕಚೇರಿಯಲ್ಲೋ ರಂಗಮಂದಿರದಲ್ಲೋ ಇದ್ದು ಬಂದು, ರಾತ್ರಿ ದೀಪದ ಬುಡದಲ್ಲಿ ಕೂತು ಮರ ಕೆತ್ತುತ್ತ, ಬಣ್ಣ ಬಳಿಯುತ್ತ, ತಮಗೆ ಗೊತ್ತಿಲ್ಲದ ಲಿಪಿಯನ್ನು ತಿದ್ದುತ್ತ ಕೂತವರನ್ನು ನೆನೆದರೆ ನನಗೆ ಗೇಲಿ ಮಾಡಲು ಬಾಯಿ ಬರುವುದಿಲ್ಲ.

ಆದರೆ ಈ ಎಲ್ಲ ಸಲಕರಣೆಗಳಿಗಿಂತ ಮೊದಲಿನದು ಇನ್ನೊಂದಿದೆ. ಅದಕ್ಕೆ ಮರ ಬೇಡ, ಲೋಹ ಬೇಡ. ಅದು ನೆಲದ ಮೇಲಿನ ಗೆರೆ. ಸೊಲೊಮನ್ನನ ಗ್ರಂಥ ಹೇಳುವಂತೆ, ಚಾಕುವನ್ನು ನೆಲಕ್ಕೆ ಚುಚ್ಚಿ, ಒಂಬತ್ತು ಅಡಿ ಹುರಿ ಕಟ್ಟಿ, ಸುತ್ತಲೂ ವೃತ್ತ ಎಳೆಯಬೇಕು. ಮಾಂತ್ರಿಕ ಅದರೊಳಗೆ ನಿಲ್ಲುತ್ತಾನೆ. ಅದೇ ಪರಂಪರೆಯ ಇನ್ನೊಂದು ಗ್ರಂಥದಲ್ಲಿ ವೃತ್ತದಿಂದ ಎರಡಡಿ ದೂರಕ್ಕೆ ಮೂರಡಿ ಅಗಲದ ತ್ರಿಕೋನವಿದೆ. ಕರೆಸಿಕೊಂಡ ಭೂತ ಅದರಲ್ಲಿ ನಿಲ್ಲಬೇಕು. ಭೂತ ತ್ರಿಕೋನದಲ್ಲಿ, ಮನುಷ್ಯ ವೃತ್ತದಲ್ಲಿ, ನಡುವೆ ಎರಡಡಿ ನೆಲ. ಆ ಎರಡಡಿಯಲ್ಲೇ ಎಲ್ಲ ಭಯವೂ ಇದೆ, ಎಲ್ಲ ಆಸೆಯೂ ಇದೆ. ಅಪ್ಪಿತಪ್ಪಿಯೂ ಗೆರೆ ದಾಟಬಾರದು.

ಗೆರೆ ನೆಲಕ್ಕೆ ಏನನ್ನೂ ಮಾಡುವುದಿಲ್ಲ. ಮಣ್ಣು ಎರಡೂ ಕಡೆ ಅದೇ ಮಣ್ಣು, ಇರುವೆ ನಿರಾಳವಾಗಿ ಆಚೀಚೆ ಓಡಾಡುತ್ತದೆ. ಆದರೂ ಎಳೆದ ಮರುಗಳಿಗೆಯಿಂದ ಅಲ್ಲೊಂದು ಒಳಗು, ಒಂದು ಹೊರಗು ಹುಟ್ಟಿಬಿಡುತ್ತವೆ. ಸುಣ್ಣದ ಪುಡಿಗೋ ಸೀಮೆಸುಣ್ಣಕ್ಕೋ ಇಲ್ಲದ ಶಕ್ತಿ ಅದಕ್ಕೆ ಎಲ್ಲಿಂದ ಬಂತು ಎಂಬುದೇ ನನಗೆ ಮಂತ್ರವಿದ್ಯೆಯ ಮೊದಲ ಬೆರಗು. ಆ ಬೆರಗನ್ನು ಹಿಡಿದುಕೊಂಡು ಜೊಯಿಡಾದ ಸುತ್ತ ನೋಡಿದರೆ, ಈ ಸೀಮೆಯ ತುಂಬ ಗೆರೆಗಳೇ ಕಾಣುತ್ತವೆ. ಕೆಲವು ಮಣ್ಣಿನ ಮೇಲೆ, ಕೆಲವು ನಕ್ಷೆಯ ಮೇಲೆ, ಕೆಲವು ಎಲ್ಲೂ ಬರೆಯದೆ ಜನರ ನಡಿಗೆಯಲ್ಲಿ.

ಎಲ್ಲೂ ಬರೆಯದ ಗೆರೆಯಿಂದ ಶುರುಮಾಡೋಣ. ಜೊಯಿಡಾದ ಒಳ ಊರುಗಳಲ್ಲಿ ಕುಣಬಿ ಸಮುದಾಯದವರ ಕೇರಿಯ ಬಳಿ ದೇವರಕಾಡು ಇರುತ್ತದೆ. ಬೇಲಿಯಿಲ್ಲ, ಬೋರ್ಡಿಲ್ಲ, ಅರಣ್ಯ ಇಲಾಖೆಯ ಕಲ್ಲೂ ಅಲ್ಲಿಗೆ ಸರಿಯಾಗಿ ಬಿದ್ದಿರುವುದಿಲ್ಲ. ಆದರೆ ಹತ್ತಿರ ಹೋದರೆ ಅಂಚು ಗೊತ್ತಾಗುತ್ತದೆ. ಈಚೆಗೆ ಮತ್ತಿ, ನಂದಿಯ ಮರಗಳ ಬುಡದಲ್ಲಿ ಸೊಪ್ಪು ಕೊಯ್ದ ಗುರುತು, ದನ ಓಡಾಡಿದ ಜಾಡು, ಗುಡಿಸಿ ಒಯ್ದ ದರಕಿನ ಬರಿನೆಲ. ಆಚೆಗೆ ಎಲೆಯ ಮೇಲೆ ಎಲೆ ಬಿದ್ದು ಮೊಣಕಾಲವರೆಗೆ ಮೆತ್ತಗಾದ ನೆಲ, ಮರದಿಂದ ಮರಕ್ಕೆ ತೂಗುವ ಬಳ್ಳಿ, ಬಿದ್ದಲ್ಲೇ ಅಣಬೆ ಹೊತ್ತು ಮಲಗಿದ ದಿಮ್ಮಿ. ಮಳೆಗಾಲವಾದರೆ ಕಾಲಿಗೆ ಉಂಬಳ ಹತ್ತುವುದು ಎರಡೂ ಕಡೆಯಲ್ಲಿ. ಅವಕ್ಕೆ ಗೆರೆಯ ಹಂಗಿಲ್ಲ. ಅಂಚಿಗೆ ಕಲ್ಲೊಂದು, ಅದರ ಮುಂದೆ ಒಣಗಿದ ಹೂವು, ಒಡೆದ ತೆಂಗಿನ ಚಿಪ್ಪು.

ಒಲೆಗೆ ಕಟ್ಟಿಗೆ ಬೇಕಾದವರ ಕಣ್ಣಿಗೆ ಆ ದಿಮ್ಮಿ ಬಂಗಾರ. ಒಂದು ಕೇರಿಯ ಹಿರಿಯರೊಬ್ಬರನ್ನು ಕೇಳಿದೆ:

“ಗಾಂವ್ಕರ್ರೇ, ತಾನಾಗಿ ಬಿದ್ದ ಮರ ಅಲ್ವಾ ಅದು? ಒಯ್ದರೆ ಏನಾಗ್ತದೆ?”

“ಏನೂ ಆಗುದಿಲ್ಲ,” ಎಂದರು. ಸ್ವಲ್ಪ ತಡೆದು, “ನಾವು ಒಯ್ಯುದಿಲ್ಲ, ಅಷ್ಟೇ.”

ನಾನು ಕಾದಿದ್ದುದು ಕತೆಗೆ. ಒಯ್ದವನ ಕೈ ಮುರಿಯಿತು, ಮನೆಗೆ ಹಾವು ಬಂತು, ಮಗು ಮಾತು ಬಿಟ್ಟಿತು ಎಂಬಂಥ ಒಂದು ಕತೆ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಇರಬಹುದು ಕೂಡ, ಅಂಥ ಕತೆಗಳಿಗೆ ಈ ಘಟ್ಟದಲ್ಲಿ ಬರವಿಲ್ಲ. ಆದರೆ ಅವರು ಕೊಟ್ಟ ಉತ್ತರ ಕತೆಗಿಂತ ದೊಡ್ಡದು. ಶಿಕ್ಷೆ ಬರುತ್ತದೆಂದು ದಾಟದಿರುವುದು ಬೇರೆ, ಏನೂ ಆಗುವುದಿಲ್ಲವೆಂದು ತಿಳಿದೂ ದಾಟದಿರುವುದು ಬೇರೆ.

ಇಲ್ಲಿಯೂ ವೃತ್ತವಿದೆ, ಆದರೆ ಒಳಗಿರುವವರು ಅದಲುಬದಲಾಗಿದ್ದಾರೆ. ಸೊಲೊಮನ್ನನ ಗ್ರಂಥದವನು ತನ್ನ ಸುತ್ತ ಗೆರೆ ಎಳೆದುಕೊಂಡು ತಾನು ಒಳಗೆ ನಿಂತ; ಕಾಣದ್ದೆಲ್ಲ ಹೊರಗೆ. ಕುಣಬಿಯವರು ಕಾಣದ್ದರ ಸುತ್ತ ಗೆರೆ ಎಳೆದು ತಾವು ಹೊರಗೆ ನಿಂತರು. ಅವನು ಕರೆಯುತ್ತಾನೆ, ಗದರುತ್ತಾನೆ, ದೇವರ ಹೆಸರು ಹೇಳಿ ಆಣೆಯಿಡುತ್ತಾನೆ. ಬಂದದ್ದು ಹೇಳಿದಂತೆ ಕೇಳಬೇಕು. ಇವರು ಕರೆಯುವುದಿಲ್ಲವೆಂದಲ್ಲ. ಕೊಂಕಣಿ ಸೀಮೆಯ ಉದ್ದಕ್ಕೂ ಗಾರಾಣೆ ಹಾಕುವ ಪದ್ಧತಿ ಇದೆ. ಊರ ಪರವಾಗಿ ಒಬ್ಬರು ದೇವರೆದುರು ನಿಂತು, ನಾಲ್ಕು ದಿಕ್ಕಿನ ಗಡಿಯ ಶಕ್ತಿಗಳನ್ನೆಲ್ಲ ಒಂದೊಂದಾಗಿ ಕೂಗಿ ಕರೆದು, ಮಳೆ ಬರಲಿ, ದನಕ್ಕೆ ರೋಗ ಬಾರದಿರಲಿ, ಹೊರಗೆ ಹೋದ ಮಕ್ಕಳು ಸುಖವಾಗಿರಲಿ ಎಂದು ಬೇಡುತ್ತಾರೆ; ಒಂದೊಂದು ಬೇಡಿಕೆಗೂ ಕೂಡಿದವರೆಲ್ಲ “ವ್ಹಯ್ ಮ್ಹಾರಾಜಾ” ಎನ್ನುತ್ತಾರೆ. ಹೆಸರು ಹಿಡಿದು ಕರೆಯುವುದು ಎರಡೂ ಕಡೆ ಒಂದೇ. ಆ ಗ್ರಂಥದ ಮಾಂತ್ರಿಕ ಅಪ್ಪಣೆ ಕೊಡುತ್ತಾನೆ, ಇಲ್ಲಿಯ ಗಾಂವ್ಕರ ಅರ್ಜಿ ಹಾಕುತ್ತಾನೆ. ಅಪ್ಪಣೆ ಕೊಟ್ಟವನು ಫಲಕ್ಕೆ ಕಾಯಬೇಕು, ಫಲ ಬಾರದಿದ್ದರೆ ವಿಧಿಯಲ್ಲಿ ಏನೋ ತಪ್ಪಿತೆಂದು ಮತ್ತೆ ಮೊದಲಿಂದ ಹಚ್ಚಬೇಕು. ಅರ್ಜಿ ಹಾಕಿದವನು ಮನೆಗೆ ಹೋಗಿ ಗದ್ದೆಗೆ ಇಳಿಯಬಹುದು.

ಜೊಯಿಡಾದಿಂದ ಹಳಿಯಾಳ, ಕಲಘಟಗಿ ಹಾದು ಮುಂಡಗೋಡಿಗೆ ಹೋದರೆ ಕಾಡು ತೆಳುವಾಗುತ್ತ ಬಂದು ಭತ್ತ, ಗೋವಿನಜೋಳದ ಬಯಲು ತೆರೆಯುತ್ತದೆ, ಅದರ ನಡುವೆ ಒಮ್ಮೆಲೇ ಬಂಗಾರದ ಶಿಖರಗಳು. 1966ರಲ್ಲಿ ಟಿಬೆಟನ್ ನಿರಾಶ್ರಿತರಿಗೆ ಇಲ್ಲಿ ನೆಲೆ ಸಿಕ್ಕಿತು. ಲಾಸಾದ ಬಳಿ 1409ರಲ್ಲಿ ಹುಟ್ಟಿದ ಗಾಂದೆನ್ ಮಠ, 1416ರಲ್ಲಿ ಹುಟ್ಟಿದ ದ್ರೆಪುಂಗ್ ಮಠ ಎರಡೂ ಊರು ಬಿಟ್ಟು ಬಂದು, ಬಂಗಾಳದ ಬಕ್ಸಾ ಕೋಟೆಯ ಹಳೆಯ ಜೈಲಿನಲ್ಲಿ ವರ್ಷಗಟ್ಟಲೆ ಕಳೆದು, ಕೊನೆಗೆ ಬೇರು ಬಿಟ್ಟದ್ದು ಮುಂಡಗೋಡಿನ ಕೆಂಪು ಮಣ್ಣಿನಲ್ಲಿ. ಒಂದನೇ ನಂಬರಿನ ಲಾಮಾ ಕ್ಯಾಂಪ್ ಗಾಂದೆನ್, ಎರಡನೇ ನಂಬರಿನದು ದ್ರೆಪುಂಗ್. ಸುತ್ತಲಿನ ಊರಿನವರಿಗೆ ಒಟ್ಟಾಗಿ ಎಲ್ಲವೂ ‘ಟಿಬೆಟಿಯನ್ ಕ್ಯಾಂಪು’. ಸ್ವೆಟರು, ಮೊಮೊ, ಕೆಂಪು ನಿಲುವಂಗಿಯ ಹುಡುಗರ ಮೋಟಾರುಬೈಕು.

ಗೋಲ್ಡನ್ ಡಾನಿನವರು ಯಾರಾದರೂ ಈ ಮಠಗಳಿಗೆ ಬಂದಿದ್ದರೆ ಕಣ್ಣರಳಿಸುತ್ತಿದ್ದರು. ಬಲಗೈಯಲ್ಲಿ ವಜ್ರ, ಎಡಗೈಯಲ್ಲಿ ಗಂಟೆ. ವಜ್ರ ಕರುಣೆಯ ಉಪಾಯಕ್ಕೆ, ಗಂಟೆ ಪ್ರಜ್ಞೆಗೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ. ಮೂರಲಗಿನ ಪುರ್ಬಾ ಎಂಬ ಬಾಕು ಯಾರನ್ನೂ ಇರಿಯುವುದಕ್ಕಲ್ಲ. ಡೇರೆಯ ಗೂಟದಂತೆ ನೆಲದಲ್ಲಿ ನಿಂತು ವಿಧಿಯ ಜಾಗದ ಗಡಿಯನ್ನು ಬಿಗಿಹಿಡಿಯುವುದಕ್ಕೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಇವುಗಳಾವುವೂ ಅಲ್ಲ, ಮರಳಿನ ಮಂಡಲ ಬರೆಯಲು ಬಳಸುವ ಸಣ್ಣದೊಂದು ಲೋಹದ ಕೊಳವೆ. ಚಾಕ್‌ಪುರ್ ಎನ್ನುತ್ತಾರೆ. ಬುಡ ಅಗಲ, ತುದಿ ಚೂಪು, ಮೈಮೇಲೆ ಗರಗಸದ ಹಲ್ಲಿನಂಥ ಸಾಲು. ಒಳಗೆ ಬಣ್ಣದ ಮರಳು ತುಂಬಿ, ಆ ಹಲ್ಲಿನ ಮೇಲೆ ಇನ್ನೊಂದು ಕಡ್ಡಿಯಿಂದ ಉಜ್ಜಿದರೆ ಕೊಳವೆ ನಡುಗುತ್ತದೆ, ತುದಿಯಿಂದ ಮರಳು ನೀರಿನಂತೆ ಇಳಿಯುತ್ತದೆ. ಮೆಲ್ಲಗೆ ಉಜ್ಜಿದರೆ ಕೂದಲೆಳೆಯ ಗೆರೆ, ಜೋರಾಗಿ ಉಜ್ಜಿದರೆ ದಪ್ಪ ಪಟ್ಟಿ. ಮೊದಲು ಹುರಿಯಿಂದ ಬಿಳಿ ಗೆರೆಗಳನ್ನು ಹಾಕಿಕೊಂಡು, ನಟ್ಟ ನಡುವಿನಿಂದ ಶುರುಮಾಡಿ, ನಾಲ್ಕು ದಿಕ್ಕಿಗೂ ಕೂತ ಭಿಕ್ಷುಗಳು ಹೊರಹೊರಗೆ ಸರಿಯುತ್ತ ಹೋಗುತ್ತಾರೆ. ಕೋಣೆಯಲ್ಲಿ ಮಂತ್ರವಿಲ್ಲದ ಹೊತ್ತಿನಲ್ಲಿ ಕೇಳಿಸುವುದು ಲೋಹದ ಮೇಲೆ ಲೋಹದ ಕರಕರ ಮಾತ್ರ. ಉಸಿರು ಜೋರಾದರೆ ಗೆರೆ ಕೆಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೂತವರೂ ಇದ್ದಾರೆ.

ಇದು ದೇವತೆಯ ಅರಮನೆಯ ನಕ್ಷೆ. ನಾಲ್ಕು ಬಾಗಿಲು, ಒಳಗೆ ಅಂಗಳ, ಹೊರಗೆ ಬೆಂಕಿಯ ಬಳೆ. 2002ರ ಜನವರಿಯಲ್ಲಿ ದ್ರೆಪುಂಗ್ ಲೋಸೆಲಿಂಗಿನ ಭಿಕ್ಷುಗಳು ವಾಷಿಂಗ್ಟನ್ನಿನ ಮ್ಯೂಸಿಯಮ್ಮೊಂದರಲ್ಲಿ ಏಳಡಿ ಅಗಲದ ಮಂಡಲ ಹಾಕಿದರು. ಸೆಪ್ಟೆಂಬರ್ 11ರ ದಾಳಿಯ ನೋವು ಆ ಊರಿನಲ್ಲಿ ಹಸಿಯಾಗಿದ್ದ ಕಾಲ ಅದು. ಎಲ್ಲ ಮುಗಿದ ಮೇಲೆ ನಡೆಯುವುದನ್ನು ಕಂಡವರು ಮರೆಯಲಾರರು. ದೇವತೆಗಳನ್ನು ಕಳಿಸಿಕೊಟ್ಟು, ಗುರುವಾದವರು ಕೈಯಲ್ಲಿ ವಜ್ರ ಹಿಡಿದು, ಅಷ್ಟು ದಿನದ ಕೆಲಸದ ನಡುವೆ ಅಂಚಿನಿಂದ ಒಳಕ್ಕೆ ಒಂದು ಗೆರೆ ಎಳೆಯುತ್ತಾರೆ. ಆಮೇಲೆ ಬ್ರಷ್ಷು ಬರುತ್ತದೆ. ಕೆಂಪು, ನೀಲಿ, ಬಂಗಾರವೆಲ್ಲ ಕೂಡಿ ಬೂದು ಬಣ್ಣದ ಒಂದು ರಾಶಿ. ಸ್ವಲ್ಪವನ್ನು ಬಂದವರಿಗೆ ಹಂಚಿ, ಉಳಿದದ್ದನ್ನು ಹರಿಯುವ ನೀರಿಗೆ ಬಿಡುತ್ತಾರೆ.

ಸೊಲೊಮನ್ನನ ಗ್ರಂಥದಲ್ಲಿ ಅಳಿಸಿಹೋದ ಗೆರೆ ಎಂದರೆ ಅಪಾಯ. ಮಂಡಲದಲ್ಲಿ ಅಳಿಸುವುದೇ ವಿಧಿಯ ಕೊನೆಯ ಅಂಗ, ಗೆರೆ ಎಳೆಯುವಾಗಲೇ ಅದು ಹೋಗಲಿರುವುದು ಗೊತ್ತು. ಇಷ್ಟು ಗೊತ್ತಿದ್ದೂ ಕೂದಲೆಳೆಯಷ್ಟು ತಪ್ಪದಂತೆ ಎಳೆಯುವುದು ಏಕೆ? ಉಳಿಯದ್ದನ್ನು ಒರಟಾಗಿ ಮಾಡಿ ಮುಗಿಸಬಹುದಿತ್ತಲ್ಲ? ನಮ್ಮಲ್ಲಿ ಬೆಳಗಾಗೆದ್ದು ಅಂಗಳ ಸಾರಿಸಿ ರಂಗೋಲಿ ಹಾಕುವ ಹೆಂಗಸರನ್ನೂ ಇದೇ ಪ್ರಶ್ನೆ ಕೇಳಬಹುದು. ಮಧ್ಯಾಹ್ನದೊಳಗೆ ಸೈಕಲ್ ಚಕ್ರ ಅದರ ಮೇಲೆ ಹಾದಿರುತ್ತದೆ, ಆದರೂ ಚುಕ್ಕಿ ತಪ್ಪುವುದಿಲ್ಲ.

ಗೆರೆ ಎಳೆಯುವುದಷ್ಟೇ ಅಲ್ಲ, ಕಾಣದ್ದನ್ನು ಕಾಣುವ ವಿದ್ಯೆಯೂ ಇದೆ. ಅದರ ಸಲಕರಣೆಗಳಲ್ಲಿ ಬಹಳ ಹೆಸರಾದದ್ದು ಒಂದು ಕರಿಕನ್ನಡಿ. ರಾಣಿ ಒಂದನೇ ಎಲಿಜಬೆತ್ತಳ ಕಾಲದ ಗಣಿತಜ್ಞ, ಜ್ಯೋತಿಷಿ ಜಾನ್ ಡೀಯದು ಎಂದು ಹೇಳುವ ಅದು ಇಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜ್ವಾಲಾಮುಖಿಯ ಗಾಜನ್ನು ನಯಗೊಳಿಸಿ ಮಾಡಿದ, ಹಿಡಿ ಇರುವ ದುಂಡನೆಯ ತಟ್ಟೆ. ಅದರ ಕಲ್ಲು ಮೆಕ್ಸಿಕೋದ ಪಚೂಕಾದ್ದೆಂದು 2021ರ ಪರೀಕ್ಷೆ ತೋರಿಸಿತು; ಆಜ್ಟೆಕ್ ಜನರ ಕೈಯಿಂದ ಸ್ಪೇನಿನವರ ಕೈಗೆ ಬಿದ್ದು ಸಮುದ್ರ ದಾಟಿ ಬಂದದ್ದು. ಡೀ ದೇವದೂತರೊಂದಿಗಿನ ಮಾತುಕತೆಯನ್ನು ಪುಟಗಟ್ಟಲೆ ಬರೆದಿಟ್ಟ. ಸ್ವಾರಸ್ಯವೆಂದರೆ, ನೋಡುವ ಕೆಲಸಕ್ಕೆ ಅವನು ಬೇರೆಯವರನ್ನು ಇಟ್ಟುಕೊಂಡಿದ್ದ. 1582ರಿಂದ ಎಡ್ವರ್ಡ್ ಕೆಲ್ಲಿ ಹರಳಿನಲ್ಲಿ ಕಣ್ಣು ನೆಟ್ಟು ಕಂಡದ್ದನ್ನು ಹೇಳುತ್ತಿದ್ದ, ಡೀ ಬರೆದುಕೊಳ್ಳುತ್ತಿದ್ದ. ಆ ಕಾಲದ ಇಂಗ್ಲೆಂಡಿನ ದೊಡ್ಡ ಪುಸ್ತಕ ಭಂಡಾರವೊಂದರ ಒಡೆಯ, ತನಗೆ ಬೇಕಾದ ಬೆರಗನ್ನು ಇನ್ನೊಬ್ಬನ ಕಣ್ಣಿಂದ ಎರವಲು ತಂದ.

ಜೊಯಿಡಾ ತಾಲ್ಲೂಕಿನ ಉಳವಿಗೆ ಬಂದರೆ ಇನ್ನೊಂದು ಕಪ್ಪು ಹೊಳಪು ಎದುರಾಗುತ್ತದೆ. 12ನೇ ಶತಮಾನದಲ್ಲಿ ಕಲ್ಯಾಣ ಹೊತ್ತಿ ಉರಿದ ಮೇಲೆ ಚನ್ನಬಸವಣ್ಣನೊಂದಿಗೆ ಶರಣರು ಬಂದು ಸೇರಿದ ಕಾಡು ಇದು. ಅವರು ಉಳಿದರೆನ್ನುವ ಮಹಾಮನೆ ಗವಿ, ಆಕಳ ಗವಿ ಇಂದಿಗೂ ಇವೆ. ಮಾಘದ ಭಾರತ ಹುಣ್ಣಿಮೆಯ ಸುಮಾರಿಗೆ ಧಾರವಾಡ, ಬೆಳಗಾವಿ ಸೀಮೆಯ ಚಕ್ಕಡಿಗಳು ದಿನಗಟ್ಟಲೆ ದಾರಿ ಸವೆಸಿ ಜಾತ್ರೆಗೆ ಬರುತ್ತವೆ. ಆ ಜನರ ಎದೆಯ ಮೇಲೆ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎಡಗೈಯ ಅಂಗೈಯಲ್ಲಿಟ್ಟು, ಮೇಲೆ ಹೊದಿಸಿದ ಕಂಥೆಯ ಕರಿಮೈಯಲ್ಲಿ ದೀಪದ ಬೆಳಕು ಒಂದು ಚುಕ್ಕೆಯಾಗಿ ನಿಲ್ಲುವಂತೆ ಹಿಡಿದು, ರೆಪ್ಪೆ ಬಡಿಯದೆ ನೋಡುವುದು ಪೂಜೆ. ಡೀಯ ಕನ್ನಡಿಯೂ ಕಪ್ಪು, ಇದೂ ಕಪ್ಪು. ಎರಡಕ್ಕೂ ಬೇಕಾದದ್ದು ನೆಟ್ಟ ನೋಟ. ಆದರೆ ಇಷ್ಟಲಿಂಗವನ್ನು ನಿನ್ನ ಪರವಾಗಿ ಇನ್ನೊಬ್ಬ ನೋಡಿ ಹೇಳಲಾರ. ಅಲ್ಲಿ ಕೆಲ್ಲಿಗೆ ಕೆಲಸವಿಲ್ಲ. ಪೂಜಾರಿಯನ್ನೂ ಗುಡಿಯನ್ನೂ ಮುಹೂರ್ತವನ್ನೂ ದಾಟಿ ಅಂಗೈಗೆ ಬಂದ ಸಲಕರಣೆ ಅದು. ಬುಧವಾರದ ಸೂರ್ಯೋದಯ ಬೇಕಿಲ್ಲ, ಒಂಬತ್ತಡಿ ಹುರಿ ಬೇಕಿಲ್ಲ.

ಶರಣರು ಎಳೆದ ಗೆರೆಗಿಂತ ಅಳಿಸಿದ ಗೆರೆಗಳೇ ಹೆಚ್ಚು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಈ ಐದರ ಸೂತಕವನ್ನು ಅವರು ಒಪ್ಪಲಿಲ್ಲ. ಮನುಷ್ಯನ ಸುತ್ತ ಮನುಷ್ಯ ಎಳೆದ ಗೆರೆಗಳು ಅವು. ಒಳಗಿದ್ದವನಿಗೆ ಸುಖ, ಹೊರಗೆ ಬಿದ್ದವನಿಗೆ ಅವಮಾನ. ಹಾಗಾಗಿ ಗೆರೆಯ ಬೆರಗನ್ನು ಹೊಗಳುವಾಗ ನಾಲಿಗೆ ಸ್ವಲ್ಪ ತಡೆಯಬೇಕು. ಎಲ್ಲ ಗೆರೆಯೂ ಮಂಡಲವಲ್ಲ.

ಡೀಯ ಕನ್ನಡಿಯಂತೆ ಸಮುದ್ರ ದಾಟಿ ಹೋದ ನಮ್ಮದೇ ಸರಕೂ ಇದೆ. ಮೀರತ್ತಿನ ರಾಮ ಪ್ರಸಾದ್ ಎಂಬವರು 1890ರ ಸುಮಾರಿಗೆ ಸ್ವರಶಾಸ್ತ್ರದ ಮೇಲೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅದರಲ್ಲಿದ್ದ ಪಂಚತತ್ತ್ವದ ಆಕಾರಗಳನ್ನು ಲಂಡನ್ನಿನ ಮಾಂತ್ರಿಕರು ಎತ್ತಿಕೊಂಡರು. ಪೃಥ್ವಿಗೆ ಹಳದಿ ಚೌಕ, ನೀರಿಗೆ ಬೆಳ್ಳಿಯ ಅರ್ಧಚಂದ್ರ, ಬೆಂಕಿಗೆ ಕೆಂಪು ತ್ರಿಕೋನ, ಗಾಳಿಗೆ ನೀಲಿ ವೃತ್ತ, ಆಕಾಶಕ್ಕೆ ಕರಿನೀಲಿ ಮೊಟ್ಟೆ. ರಟ್ಟಿನ ಮೇಲೆ ಇವನ್ನು ಬರೆದು, ಕಣ್ಣು ದಣಿಯುವಷ್ಟು ನೋಡಿ, ತಟ್ಟನೆ ಬಿಳಿ ಹಾಳೆಯ ಕಡೆ ತಿರುಗಿದರೆ ಕೆಂಪು ತ್ರಿಕೋನವಿದ್ದಲ್ಲಿ ಹಸಿರು ತ್ರಿಕೋನ ತೇಲುತ್ತದೆ. ಅದನ್ನೇ ಬಾಗಿಲೆಂದು ಭಾವಿಸಿ ಮನಸ್ಸಿನಲ್ಲೇ ದಾಟಿ ಆಚೆಯ ಲೋಕಕ್ಕೆ ಹೋಗುವುದು ಅವರ ಸಾಧನೆ. ಮನೆಯ ಮಕ್ಕಳಿಗೂ ಇದನ್ನು ಮಾಡಿ ತೋರಿಸಬಹುದು. ಕಣ್ಣಿನಲ್ಲಿ ಕೆಂಪನ್ನು ಹಿಡಿಯುವ ಕೋಶಗಳು ಬಳಲಿದಾಗ ಬಿಳಿಯಲ್ಲಿ ಅದರ ಎದುರುಬಣ್ಣ ಎದ್ದು ಕಾಣುತ್ತದೆ, ಅಷ್ಟೇ. ಕಾರಣ ತಿಳಿದ ಮೇಲೂ ಆ ಹಸಿರು ಮಾಯವಾಗುವುದಿಲ್ಲ, ಸೋಜಿಗವೂ ಕಮ್ಮಿಯಾಗುವುದಿಲ್ಲ. ದಾಂಡೇಲಿ ಕಾಡಿನ ಕವಳಾ ಗವಿಯೊಳಗೆ ತೆವಳಿ ಹೋಗಿ ಕಾಣುವ ಲಿಂಗ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಲ್ಲು ಎಂದು ಬಲ್ಲವರೂ ಶಿವರಾತ್ರಿಗೆ ಅದರೆದುರು ಬಗ್ಗುತ್ತಾರೆ. ವಿವರಣೆ ಬೆರಗಿನ ವೈರಿ ಎಂದು ಹೇಳಿದವರು ಯಾರೋ, ಈ ಎರಡನ್ನೂ ನೋಡಿದವರಲ್ಲ.

ಇನ್ನು ನಕ್ಷೆಯ ಮೇಲಿನ ಗೆರೆಗಳು. 19ನೇ ಶತಮಾನದಲ್ಲಿ ಬ್ರಿಟಿಷರು ಕಾಡನ್ನು ಸರಕಾರದ್ದೆಂದು ಗುರುತು ಹಾಕಿ, ಕುಮರಿ ಬೇಸಾಯಕ್ಕೆ ತಡೆ ಹಾಕಿದರು. ಕಾಡು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಬೆಳೆದು ಮುಂದೆ ಸರಿಯುತ್ತಿದ್ದವರು ನಿಂತಲ್ಲೇ ಅಪರಾಧಿಗಳಾದರು. ಕಾಳಿ ನದಿ ಹುಟ್ಟುವುದು ಇದೇ ತಾಲ್ಲೂಕಿನ ಡಿಗ್ಗಿಯಲ್ಲಿ. ಸೂಪಾದಲ್ಲಿ ಅದಕ್ಕೆ 101 ಮೀಟರ್ ಎತ್ತರದ ಅಣೆಕಟ್ಟು ಬಂತು. ಕಾಗದದ ಮೇಲೆ ಎಂಜಿನಿಯರ್ ಎಳೆದ ನೀರುಮಟ್ಟದ ಗೆರೆಯ ಕೆಳಗೆ ಸೂಪಾ ಊರೇ ಮುಳುಗಿತು, ತಾಲ್ಲೂಕಿನ ಕಚೇರಿ ಜೊಯಿಡಾಕ್ಕೆ ಬಂತು. ಆಮೇಲೆ ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಮೀಸಲು ಪ್ರದೇಶ, 2015ರಿಂದ ಅದಕ್ಕೆ ಕಾಳಿಯ ಹೆಸರು. ಹುಲಿಗೂ ಮಂಗಟ್ಟೆಗೂ ಆ ಗೆರೆ ಬೇಕಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಗೆರೆಯೊಳಗೆ ಸಿಕ್ಕಿಬಿದ್ದ ಹಳ್ಳಿಗೆ ಡಾಂಬರು, ಕರೆಂಟು ಬರಲು ತಡವಾದದ್ದರಲ್ಲೂ ಅನುಮಾನವಿಲ್ಲ.

ಅಭಯಾರಣ್ಯದ ಗೆರೆಗೂ ದೇವರಕಾಡಿನ ಗೆರೆಗೂ ಏನು ಬೇರೆ? ಎರಡೂ ಕಾಡನ್ನು ಉಳಿಸುತ್ತವೆ. ಆದರೆ ಒಂದನ್ನು ಕಾಯಲು ಗಾರ್ಡು, ಗೇಟು, ದಂಡ, ಕೋರ್ಟು ಬೇಕು. ದಾಟುವವನು ಬೇರೆಯವನು, ಎಳೆದವನು ಬೇರೆಯವನು. ಇನ್ನೊಂದರಲ್ಲಿ ಎಳೆದವನೇ ದಾಟದವನು. ತಾನು ಎಳೆದ ಗೆರೆಗೆ ತಾನೇ ಮೊದಲು ಬದ್ಧನಾಗುವುದು ಸುಲಭವಾಗಿ ಕಂಡರೂ ಲೋಕದಲ್ಲಿ ಅಪರೂಪ. ಕಾನೂನಿಗೆ ಅದು ಗೊತ್ತಿಲ್ಲ, ಗೊತ್ತಿರುವುದು ಬಹುಶಃ ವಿಧಿಗೆ ಮಾತ್ರ.

ಹೀಗೆ ನೋಡಿದಾಗ ಸೊಲೊಮನ್ನನ ಗ್ರಂಥದವನ ಮೇಲೂ ನನಗೆ ಮೆಲ್ಲಗೆ ಗೌರವ ಹುಟ್ಟುತ್ತದೆ. ಅವನು ಭೂತವನ್ನು ಕರೆಸಿಕೊಂಡನೋ ಇಲ್ಲವೋ, ಅದು ಬಂದು ನಿಧಿ ತೋರಿಸಿತೋ ಇಲ್ಲವೋ, ನಾನಂತೂ ನಂಬಲಾರೆ. ಆದರೆ ಅವನು ಬುಧವಾರ ನಸುಕಿನಲ್ಲಿ ಎದ್ದು ಪೊದೆಯ ಬಳಿ ನಿಂತಾಗ ಯಾರು ನೋಡುತ್ತಿದ್ದರು? ಎರಡು ಏಟು ಹಾಕಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಎರಡು ವರ್ಷದ ಟೊಂಗೆ ಕಡಿದು ಒಂದೇ ವರ್ಷದ್ದೆಂದಿದ್ದರೆ ಯಾವ ಇನ್ಸ್‌ಪೆಕ್ಟರ್ ಬಂದು ಹಿಡಿಯುತ್ತಿದ್ದ? ಲಂಡನ್ನಿನ ಬಾಡಿಗೆಕೋಣೆಯಲ್ಲಿ ದಂಡದೊಳಗೆ ತಂತಿ ಹಾಯಿಸುತ್ತಿದ್ದ ನಟಿಗೂ ಇದೇ ಮಾತು. ತಂತಿ ಒಳಗಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ, ಮೇಲೆ ಬಳಿದ ಕೆಂಪು ಎಲ್ಲವನ್ನೂ ಮುಚ್ಚಿರುತ್ತದೆ. ಆದರೂ ಹಾಯಿಸಿದರು. ಮಂಡಲದ ಮೂಲೆಯ ಮರಳುಕಾಳು ಸರಿಯಿದೆಯೋ ಎಂದು ಅಳೆಯುವಷ್ಟು ಹತ್ತಿರ ನೋಡುಗರಿಗೆ ಹೋಗಗೊಡುವುದಿಲ್ಲ. ಅಂಗೈಯ ಲಿಂಗದ ಮೇಲೆ ನೋಟ ನಿಂತಿತೋ, ಸಂತೆಯ ಲೆಕ್ಕದ ಕಡೆ ಹಾರಿತೋ, ಪಕ್ಕದಲ್ಲಿ ಕೂತ ಹೆಂಡತಿಗೂ ತಿಳಿಯದು.

ಇವರೆಲ್ಲರ ದೇವರು ಬೇರೆ, ಭಾಷೆ ಬೇರೆ, ಆಸೆ ಬೇರೆ. ಒಬ್ಬನಿಗೆ ಅಧಿಕಾರ ಬೇಕು, ಒಬ್ಬರಿಗೆ ಬಿಡುಗಡೆ, ಒಬ್ಬರಿಗೆ ಹೊತ್ತಿಗೆ ಸರಿಯಾದ ಮಳೆ. ಅದಕ್ಕೆ ತಕ್ಕಂತೆ ಗೆರೆಯ ದಿಕ್ಕೂ ಬೇರೆ. ಅಪ್ಪಣೆ ಮಾಡಲು ಎಳೆದ ಗೆರೆಗಿಂತ ತನ್ನ ಕೈ ಹಿಂತೆಗೆಯಲು ಎಳೆದ ಗೆರೆ ದೊಡ್ಡದು ಎಂದೇ ನನ್ನ ಅನಿಸಿಕೆ; ಜೊಯಿಡಾದ ಕಾಡು ಅದಕ್ಕೆ ಸಾಕ್ಷಿ. ಆದರೆ ಸಮವಾದದ್ದೂ ಒಂದಿದೆ. ಇವರಲ್ಲಿ ಯಾರೂ ತಮ್ಮ ಕೆಲಸದ ಫಲವನ್ನು ಇನ್ನೊಬ್ಬರ ಕಣ್ಣಿಗೆ ಕಾಣಿಸಲಾರರು. ಕಾಣಿಸುವುದು ಕಟ್ಟುನಿಟ್ಟೊಂದೇ, ಅದೂ ಮಾಡುವವರಿಗೆ ಮಾತ್ರ. ಕಾಣದ್ದು ಇದೆಯೇ ಇಲ್ಲವೇ ಎಂಬ ವಾದ ಹಳೆಯದು, ನಾಳೆಯೂ ಮುಗಿಯುವುದಿಲ್ಲ. ಅದು ಇಲ್ಲವೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಇಲ್ಲದ್ದೊಂದರ ಎದುರು, ಯಾರೂ ನೋಡದ ಹೊತ್ತಿನಲ್ಲಿ, ಏನೂ ಆಗುವುದಿಲ್ಲವೆಂದು ಗೊತ್ತಿದ್ದೂ ಮನುಷ್ಯ ಸುಳ್ಳು ಮಾಡದೆ ಇರಬಲ್ಲ ಎಂದಾಯಿತು. ದೇವದೂತರು ಕನ್ನಡಿಯಲ್ಲಿ ಮೂಡುವುದಕ್ಕಿಂತ ಇದು ನಂಬಲು ಕಷ್ಟವಾದ ಸಂಗತಿ, ಮತ್ತು ಇದು ದಿನವೂ ನಡೆಯುತ್ತದೆ.